ಆಷಾಢದ ಬಾಡಿಗೆ ಯಾರ ಜೇಬಿಂದ?

ತುಮಕೂರಿನ ಅಶೋಕನಗರದಲ್ಲಿದ್ದಾಗ ಒಮ್ಮೆ ಪೆಟ್ಟು ತಿಂದಿದ್ದೆ. ಬಾಡಿಗೆ ಕೊಡುವಾಗ "ಎರಡು ತಿಂಗಳಲ್ಲಿ ಖಾಲಿ ಮಾಡ್ತೀವಿ" ಅಂದೆ. ಓನರ್ "ಆಯ್ತು ಬಿಡಿ" ಅಂದರು. ಖಾಲಿ ಮಾಡುವ ದಿನ ಮಾತ್ರ "ಯಾವಾಗ ಹೇಳಿದ್ರಿ?" ಅಂತ ಕೇಳಿ, ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಹಾಗಾಗಿ 2025ರಲ್ಲಿ ಬಟವಾಡಿಯ ಮನೆ ಬಿಡುವಾಗ ಮೊದಲು ಅಗ್ರಿಮೆಂಟ್ ಹುಡುಕಿ ತೆಗೆದೆ. ಬಾಡಿಗೆ 9,000, ಅಡ್ವಾನ್ಸ್ 60,000. ಎರಡು ತಿಂಗಳು ಮುಂಚೆ ಬರೆದು ತಿಳಿಸಬೇಕು ಅಂತಿತ್ತು. ಎಲ್ಲರದ್ದೂ ಇರುವ ಹಾಗೆ 11 ತಿಂಗಳ ಅಗ್ರಿಮೆಂಟ್. ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕಲ್ವಾ, ಅದಕ್ಕೇ ಈ 11. ಅದರ ಅವಧಿ ಮಾರ್ಚಿಗೇ ಮುಗಿದಿತ್ತು, ಇಬ್ಬರೂ ರಿನ್ಯೂ ಮಾಡಿಸಿರಲಿಲ್ಲ. ಬೇರೆ ಕರಾರು ಇಲ್ಲದ ತಿಂಗಳ ಬಾಡಿಗೆಗೆ 15 ದಿನದ ನೋಟೀಸ್ ಸಾಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಹೇಳುತ್ತದೆ. ಆ ಮಾತು ಎತ್ತಲು ಹೋಗಲಿಲ್ಲ. ಅಡ್ವಾನ್ಸ್ ಅವರ ಕೈಯಲ್ಲಿರುವಾಗ ಸೆಕ್ಷನ್ ಮಾತಾಡಿ ಏನು ಬಂತು?

ಮೇ 14ಕ್ಕೆ ನಾಲ್ಕೇ ಸಾಲಿನ ಕಾಗದ ಬರೆದೆ. ಎರಡು ಪ್ರತಿ. ಒಂದರ ಮೇಲೆ ಓನರ್ ಸಹಿ, ತಾರೀಖು ಹಾಕಿಸಿಕೊಂಡೆ. ಅದರ ಫೋಟೋ ತೆಗೆದು ಅವರ ವಾಟ್ಸಾಪ್‌ಗೂ ಕಳಿಸಿದೆ. "ಇಷ್ಟೆಲ್ಲಾ ಯಾಕ್ರೀ, ನಾವೇನು ಹೊರಗಿನವರಾ?" ಅಂತ ನಕ್ಕರು. ನಾನೂ ನಕ್ಕೆ.

ತೊಡಕು ಬಂದಿದ್ದು ಆಷಾಢದಿಂದ. ಜೂನ್ 26ಕ್ಕೆ ಶುರು. ಕ್ಯಾತ್ಸಂದ್ರದ ಹೊಸ ಮನೆಯಲ್ಲಿ ಅದಕ್ಕೂ ಮುಂಚೆಯೇ ಹಾಲು ಉಕ್ಕಿಸಬೇಕು ಅಂತ ಅಮ್ಮನ ಹಟ. ಸರಿ, ಜೂನ್ 20ಕ್ಕೆ ಹಾಲು ಉಕ್ಕಿಸಿ ಸ್ಟೌ, ದೇವರ ಪಟ, ಎರಡು ಚಾಪೆ ಇಟ್ಟು ಬಂದೆವು. ಉಳಿದ ಸಾಮಾನು ನಿಧಾನಕ್ಕೆ ಸಾಗಿಸಿದೆವು. ಮನೆಗೆ ಕಾಲಿಡಲು ಆಷಾಢ ಆಗುವುದಿಲ್ಲ, ಬೀರು ಹೊರಲು ಆಗುತ್ತದೆ!

ನನ್ನ ಲೆಕ್ಕಕ್ಕೆ ನೋಟೀಸ್ ಜುಲೈ 13ಕ್ಕೆ ಮುಗಿಯುತ್ತದೆ. ಓನರ್ ಜುಲೈ ಪೂರ್ತಿ ಕೊಡಿ ಅಂದರು. ಮೊದಲು ಸಿಟ್ಟು ಬಂತು. ಆಮೇಲೆ ಅರ್ಥವಾಯಿತು, ಆಷಾಢದಲ್ಲಿ ಅವರ ಮನೆಗೂ ಯಾರೂ ಬರುವುದಿಲ್ಲ. ಟು ಲೆಟ್ ಬೋರ್ಡ್ ನೋಡಿ ಬಂದವರೆಲ್ಲ "ಶ್ರಾವಣದಲ್ಲಿ ಬರ್ತೀವಿ" ಅಂತ ಹೋಗಿದ್ದರು. ಸಹಿ ಇದ್ದ ಕಾಗದ ತೋರಿಸಿದೆ. ಕೊನೆಗೆ ಅರ್ಧ ತಿಂಗಳಿಗೆ, ಅಂದರೆ 4,500ಕ್ಕೆ ಒಪ್ಪಿದರು. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಅಂತ ಅಗ್ರಿಮೆಂಟಿನಲ್ಲೇ ಇತ್ತು, ಅದು ಹೋಯಿತು. ಗೋಡೆಯಲ್ಲಿ ನಾನು ಹೊಡೆದಿದ್ದು ಮೂರೇ ಮೊಳೆ, ಒಂದಕ್ಕೆ ಮೂರು ಸಾವಿರ ಬಿತ್ತು.

ಜುಲೈ 15ಕ್ಕೆ ಖಾಲಿ ಮನೆಯ ವಿಡಿಯೋ, ಮೀಟರ್ ರೀಡಿಂಗ್ ಫೋಟೋ ತೆಗೆದುಕೊಂಡೆ. ಒಂದು ಕೀ ಕೊಟ್ಟೆ. ಇನ್ನೊಂದನ್ನು 46,500 ಖಾತೆಗೆ ಬಿದ್ದ ಮೇಲೆ ಕೊಟ್ಟೆ.

ಗೃಹಜ್ಯೋತಿಯ ಫ್ರೀ ಕರೆಂಟಿಗೆ ಅಂತ ಹಳೇ ಮನೆಯ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರಿಗೆ ನನ್ನ ಆಧಾರ್ ಜೋಡಿಸಿತ್ತು. ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡಿ, ಹೊಸದಕ್ಕೆ ಸೇರಿಸಲು ಹೋದರೆ, ಅಲ್ಲಿ ಹಿಂದಿನ ಬಾಡಿಗೆದಾರರು ಇನ್ನೂ ಗಟ್ಟಿಯಾಗಿ ಕೂತಿದ್ದರು. ಅವರ ನಂಬರ್ ಹುಡುಕಿ ಫೋನ್ ಮಾಡಿದೆ. "ಅಯ್ಯೋ, ಮರ್ತೇ ಹೋಗಿತ್ತು ಸಾರ್" ಅಂದರು.