ರೋಗಿಗೆ ಹಿಡಿಯುವ ಅಳತೆಕೋಲು ನನಗೇ ಹಿಡಿದೆ

ಕೆಲಸದಲ್ಲಿ ಖುಷಿ ಇಲ್ಲ ಎಂದು ನಾನು ಗೊಣಗಿದಾಗಲೆಲ್ಲ, "ಇದೆಲ್ಲ ಸುಮ್ನೆ. ಸಂಬಳ ಜಾಸ್ತಿ ಕೇಳು, ಎಲ್ಲ ಸರಿ ಹೋಗ್ತದೆ" ಎಂದಿದ್ದರು ಜೊತೆಗಿದ್ದವರು. ಆ ದಾರಿಯನ್ನೂ ನೋಡಿ ಆಗಿತ್ತು. ಆಕ್ಯುಪೇಶನಲ್ ಥೆರಪಿಸ್ಟ್ ಆಗಿ, ಅಂದರೆ ಕಾಯಿಲೆ ಅಥವಾ ಪೆಟ್ಟಾದವರು ದಿನದ ಕೆಲಸಗಳನ್ನು ಮತ್ತೆ ಮಾಡುವಂತೆ ನೆರವಾಗುವವಳಾಗಿ, ಏಳನೇ ವರ್ಷ ನಡೀತಿತ್ತು. ಆಸ್ಪತ್ರೆ ಬದಲಿಸಿದೆ, 19 ಸಾವಿರ ಇದ್ದದ್ದು 27 ಆಯಿತು. ಖುಷಿ ಇದ್ದದ್ದು ಮೂರು ತಿಂಗಳು. ಆಮೇಲೆ 40 ಸಾವಿರ ಸುರಿದು ಒಂದು ಕೋರ್ಸ್ ಮಾಡಿದೆ. ಸರ್ಟಿಫಿಕೇಟ್ ಪೆಟ್ಟಿಗೆಯಲ್ಲಿದೆ.

ಒಂದು ರಾತ್ರಿ, ರೋಗಿ ತನ್ನ ದಿನದ ಕೆಲಸಗಳಿಗೆ ತಾನೇ ಅಂಕ ಕೊಡುವ ಸಿಒಪಿಎಂ ಹಾಳೆ ತೆಗೆದು ನನ್ನ ಹೆಸರೇ ಬರೆದೆ. ದಿನದ ಐದು ಕೆಲಸ, ಹತ್ತರಲ್ಲಿ ಅಂಕ. ಸ್ಪ್ಲಿಂಟ್ (ಕೈ, ಬೆರಳಿಗೆ ಆಧಾರವಾಗಿ ಕಟ್ಟುವ ಪಟ್ಟಿ) ಮಾಡುವುದಕ್ಕೆ ತೃಪ್ತಿ 9. ಕೇಸ್ ಶೀಟ್ ಬರೆಯುವುದಕ್ಕೆ 2. ರೋಗಿ ಮನೆಯಲ್ಲಿ ಹೇಗಿದ್ದಾರೆ ಎಂದು ನೋಡುವುದು, ಅದೂ 2. ನಾನು ಫಿಸಿಯೋ ಅಲ್ಲ ಎಂದು ಡಾಕ್ಟರಿಗೆ ತಿಳಿಸುವುದು, 1. ಹಾಳೆ ಇರುವುದು ಕೆಲಸಗಳಿಗೆ ಮಾತ್ರ, ಆ ನಿಯಮ ಮುರಿದು ಸಂಬಳವನ್ನೂ ಸೇರಿಸಿದೆ. ಅದಕ್ಕೆ 4 ಬಂತು. ಅಷ್ಟು ವರ್ಷ ಗೊಣಗಿದ್ದು ಅದಕ್ಕೇ, ಅಲ್ವಾ? ಆದರೆ ಅದಕ್ಕಿಂತ ಕೆಳಗೆ ಮೂರು ಇದ್ದವು.

ಅರ್ಧ ದಿನದ ಕೆಲಸ ಹಿಡಿದು, ಉಳಿದ ಹೊತ್ತು ಶಿರಸಿ ಸುತ್ತ ಮನೆಗಳಿಗೆ ಹೊರಟೆ. ಮೊದಲ ಆರು ತಿಂಗಳು ತಿಂಗಳಿಗೆ ಕೈಗೆ ಸಿಕ್ಕಿದ್ದು 14 ಸಾವಿರದ ಹತ್ತಿರ, ಅದರಲ್ಲಿ ಮೂರು ಸಾವಿರ ಪೆಟ್ರೋಲಿಗೆ. ಮಳೆಗಾಲದಲ್ಲಂತೂ ಅಳು ಬರುತ್ತಿತ್ತು.

ಸ್ಟ್ರೋಕ್ ಆದ ಅಜ್ಜಿಯೊಬ್ಬರು ಬೆರಳಿನ ವ್ಯಾಯಾಮಕ್ಕೆ ಕೊಡುವ ಪೆಗ್ ಬೋರ್ಡ್ (ತೂತುಗಳಿಗೆ ಗೂಟ ಸಿಕ್ಕಿಸುವ ಹಲಗೆ) ಕಂಡರೆ ಮುಖ ತಿರುಗಿಸುತ್ತಿದ್ದರು. ಅಂಗಳದಲ್ಲಿ ಸುಲಿದ ಅಡಿಕೆ ರಾಶಿ ಇತ್ತು. ಒಳ್ಳೆಯ ಚಾಲಿ ಒಂದು ಕಡೆ, ಕಳಪೆ ಕೋಕಾ ಒಂದು ಕಡೆ ಆರಿಸಲು ಕೊಟ್ಟೆ. ಬೆರಳು ನಡುಗಿ ಮೊದಲ ದಿನ ಎಷ್ಟೋ ಉರುಳಿ ಹೋದವು. ಹತ್ತನೇ ವಾರ ಅರ್ಧ ಬುಟ್ಟಿ ಆರಿಸಿಟ್ಟು "ತಂಗಿ, ನೋಡು" ಎಂದರು. ಆ ದಿನ ಮನೆಗೆ ಹಾಡುತ್ತಾ ಬಂದೆ.

ನಡುವೆ ಪಿವಿಸಿ ಪೈಪ್ ಕಾಯಿಸಿ ಸ್ಪ್ಲಿಂಟ್ ಮಾಡುವ ಹುಚ್ಚೂ ಹಿಡಿಯಿತು. ಸ್ಪ್ಲಿಂಟಿಗೆಂದೇ ಬರುವ ಥರ್ಮೋಪ್ಲಾಸ್ಟಿಕ್ ಶೀಟ್ ದುಬಾರಿ. ಮೊದಲ ಮೂರು ಕಸಕ್ಕೆ ಹೋದವು, ಅಂಚು ಚರ್ಮಕ್ಕೆ ಒತ್ತುತ್ತಿತ್ತು. ಈಗ ಒಂದೂ ಒತ್ತುವುದಿಲ್ಲ. ಅಂಚನ್ನು ಯಾವಾಗ ಮಡಚಬೇಕು ಎನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಡಾಕ್ಟರುಗಳಿಗೆ ಭಾಷಣ ನಿಲ್ಲಿಸಿದೆ. ಪ್ರತಿ ರೋಗಿಯ ಬಗ್ಗೆ ಅವರಿಗೆ ಎರಡು ಸಾಲು ಬರೆದು ಕಳಿಸುತ್ತೇನೆ: ಮೊದಲು ಏನು ಮಾಡಲು ಆಗುತ್ತಿರಲಿಲ್ಲ, ಈಗ ಏನು ಮಾಡುತ್ತಾರೆ. ಈಗ ಅವರೇ ಫೋನ್ ಮಾಡಿ ರೋಗಿಗಳನ್ನು ಕಳಿಸುತ್ತಾರೆ.

ಹೋದ ತಿಂಗಳು ಅದೇ ಹಾಳೆ ಮತ್ತೆ ತುಂಬಿಸಿದೆ. ಎರಡು ಅಂಕ ಏರಿದರೆ ಬದಲಾವಣೆ ಎಂದು ನಾವೇ ರೋಗಿಗಳಿಗೆ ಹೇಳುತ್ತೇವಲ್ಲ. ಮನೆ ಭೇಟಿ 2ರಿಂದ 9ಕ್ಕೆ, ಡಾಕ್ಟರ ವಿಷಯ 1ರಿಂದ 6ಕ್ಕೆ ಏರಿದೆ. ಆದಾಯ ಹೆಚ್ಚುಕಡಿಮೆ 38 ಸಾವಿರ. ಕೇಸ್ ಶೀಟ್ ಮಾತ್ರ ಇನ್ನೂ 3. ಅದಕ್ಕೆ ಈ ಬೇಸಿಗೆಯಲ್ಲಿ ಕೈ ಹಾಕುತ್ತೇನೆ.