ಊರಿನ ದೇಣಿಗೆ ನಡುವಣ ಸಂಸ್ಥೆಯ ಮೂಲಕ: ಕೊಡುವ ಮುನ್ನ, ಕೊಟ್ಟ ಮೇಲೆ

ಹಲವರು ಕೂಡಿ ಕೊಟ್ಟ ದೇಣಿಗೆ ಸಾಮಾನ್ಯವಾಗಿ ಒಂದು ನಡುವಣ ಸಂಸ್ಥೆಯ ಮೂಲಕ ಹೋಗುತ್ತದೆ. ಅದು ಹಣ ಕೂಡಿಸುತ್ತದೆ, ಪಡೆಯುವವರನ್ನು ಹುಡುಕಿ ಪರಿಶೀಲಿಸುತ್ತದೆ, ಹಣ ದಾಟಿಸುತ್ತದೆ, ಲೆಕ್ಕ ಒಪ್ಪಿಸುತ್ತದೆ. ಇವುಗಳಲ್ಲಿ ಹಣ ದಾಟಿಸುವುದು ತೀರಾ ಸುಲಭ, ಅದನ್ನು ಬ್ಯಾಂಕೇ ಮಾಡುತ್ತದೆ. ಯಾರಿಗೆ ಏನು ಬೇಕು ಎಂಬ ತಿಳಿವಳಿಕೆಗೆ, ಹಣ ಹಾದಿ ತಪ್ಪದಂತೆ ಹೊರುವ ಹೊಣೆಗೆ ನೀವು ಶುಲ್ಕ ಕೊಡುತ್ತೀರಿ. ಅವೆರಡೂ ಇಲ್ಲದ ಸಂಸ್ಥೆಗೆ ಶುಲ್ಕ ಕೊಡಬೇಡಿ.

ಮೊದಲು, ಬೇಕೇ ಬೇಡವೇ ನೋಡಿ. ಪಡೆಯುವ ಸಂಸ್ಥೆ ಒಂದೇ ಆಗಿದ್ದು, ನೋಂದಣಿಯಾಗಿದ್ದು, ಅದರ ಲೆಕ್ಕಪತ್ರ ನೀವೇ ನೋಡಿದ್ದರೆ ನೇರವಾಗಿ ಕೊಡಿ. ದಾನಿಗಳು ಹಲವರಿದ್ದು ಮೊತ್ತ ಚಿಕ್ಕದಿದ್ದಾಗ, ಕೆಲಸ ಹಲವು ವರ್ಷದ್ದಾದಾಗ, ಅಥವಾ ಪಡೆಯುವ ಗುಂಪಿಗೆ ನೋಂದಣಿಯೂ ಬ್ಯಾಂಕ್ ಖಾತೆಯೂ ಇಲ್ಲದಾಗ ನಡುವಿನವರು ಬೇಕು. ಕೊನೆಯದರಲ್ಲಿ ಸಂಸ್ಥೆಯೇ ಹಣ ಹಿಡಿದು, ಗುಂಪಿನ ಬಿಲ್ಲುಗಳನ್ನು ಪಾವತಿಸಿ, ಕಾನೂನಿಗೆ ತಾನೇ ಉತ್ತರ ಕೊಡುತ್ತದೆ. ಊರಿನ ಎಷ್ಟೋ ಒಳ್ಳೆಯ ಕೆಲಸ ನೋಂದಣಿಯಿಲ್ಲದ ಗುಂಪುಗಳೇ ಮಾಡುವುದರಿಂದ, ನಮ್ಮ ಮಟ್ಟಿಗೆ ಇದೇ ಈ ಸಂಸ್ಥೆಗಳ ಅತಿ ದೊಡ್ಡ ಉಪಯೋಗ.

ಮುಂದಿನದು ಶುಲ್ಕ. ಎಷ್ಟು ಎನ್ನುವುದರ ಜೊತೆಗೆ ಯಾವುದರ ಮೇಲೆ ಎಂದೂ ಕೇಳಿ. ಉಳಿದಿರುವ ಮೊತ್ತದ ಮೇಲೆ ವರ್ಷವರ್ಷವೂ ಶುಲ್ಕ ಮುರಿದರೆ, ಹಣ ಕೂತಷ್ಟೂ ಸಂಸ್ಥೆಗೆ ಲಾಭ. ಬಂದ ಹಣದ ಮೇಲೆ ಒಮ್ಮೆಗೇ ಮುರಿದುಕೊಂಡರೆ ಹಂಚಲು ಅವಸರವಿರುವುದಿಲ್ಲ. ಬೇಗ ಖರ್ಚಾಗಬೇಕಾದ ನಿಧಿಗೆ, ಪ್ರತಿ ಕಂತು ಬಿಡುಗಡೆಯಾದಾಗ ಅದರ ಪಾಲಿನಷ್ಟು ಶುಲ್ಕ ಮುರಿಯುವ ಪದ್ಧತಿ ಒಳ್ಳೆಯದು. ಕೈಗಳು ಎಷ್ಟು ಎಂಬುದನ್ನೂ ಎಣಿಸಿ: ಒಬ್ಬರು ಶೇ. 10 ಮುರಿದರೆ 100ರಲ್ಲಿ 90 ಉಳಿಯುತ್ತದೆ, ಇಬ್ಬರಾದರೆ 81, ಮೂವರಾದರೆ 72.9. ಹಾಗೆಂದು ಶುಲ್ಕವೇ ಇಲ್ಲ ಎನ್ನುವವರನ್ನು ಕಣ್ಣುಮುಚ್ಚಿ ನಂಬಬೇಡಿ. ಸ್ಥಳಕ್ಕೆ ಹೋಗಿ ನೋಡುವವರ ಸಂಬಳ, ಆಡಿಟ್ ಖರ್ಚು ಎಲ್ಲಿಂದಲೋ ಬರಲೇಬೇಕು. ಎಲ್ಲಿಂದ ಎಂದು ಕೇಳಿದರೆ ನೇರ ಉತ್ತರ ಸಿಗಬೇಕು.

ಹಣವನ್ನು ಇಡುಗಂಟಾಗಿ (ಅಸಲು ಮುಟ್ಟದೆ ಅದರ ಆದಾಯವನ್ನಷ್ಟೇ ಬಳಸುವಂತೆ) ಇಡುವುದೋ, ನೇರ ಖರ್ಚಿಗೋ ಎಂದು ಆಗಲೇ ತೀರ್ಮಾನಿಸಿ. ಶೇ. 4 ಆದಾಯ ಬರುವ ಇಡುಗಂಟು 100ಕ್ಕೆ ವರ್ಷಕ್ಕೆ 4 ಮಾತ್ರ ಕೊಡುತ್ತದೆ. ಗಂಟು ಸಣ್ಣದಾದರೆ ಆ 4 ಲೆಕ್ಕ ಬರೆಯುವುದಕ್ಕೇ ಹೋಗುತ್ತದೆ.

ಒಡಂಬಡಿಕೆ ಎರಡು ಪುಟ ಸಾಕು. ಉದ್ದೇಶ, ಶುಲ್ಕ, ಬಡ್ಡಿ ಯಾರದು, ಎಷ್ಟು ದಿನದಲ್ಲಿ ಬಿಡುಗಡೆ, ವರದಿಯ ದಿನಾಂಕ, ಸಂಸ್ಥೆ ಮುಚ್ಚಿದರೆ ಹಣ ಎಲ್ಲಿಗೆ ಹೋಗಬೇಕು ಎಂಬುದನ್ನು ಬರೆಸಿ. ಜನ ಮರೆಯುವುದು ಪರ್ಯಾಯ ಉದ್ದೇಶವನ್ನು. ಅಮೆರಿಕದ ಸೇಂಟ್ ಲೂಯಿಸ್‌ನ ಬ್ರಯನ್ ಮಲನ್‌ಫಿ 1851ರಲ್ಲಿ ತೀರಿಕೊಂಡಾಗ, ಆ ಊರಿನ ಮೂಲಕ ಪಶ್ಚಿಮಕ್ಕೆ ನೆಲೆಸಲು ಹೋಗುವ ಬಡ ಪ್ರಯಾಣಿಕರ ನೆರವಿಗೆಂದು ಆಸ್ತಿಯ ಒಂದು ಪಾಲು ಬಿಟ್ಟಿದ್ದರು. ಕಾಲಕ್ರಮದಲ್ಲಿ ಅಂಥ ಪ್ರಯಾಣಿಕರೇ ಇಲ್ಲವಾದರು, ಹಣ ಉಳಿಯಿತು. 1914ರಲ್ಲಿ ಬ್ಯಾಂಕರ್ ಫ್ರೆಡರಿಕ್ ಗಾಫ್ ಊರಿನ ದಾನಗಳನ್ನು ಒಟ್ಟಿಗೆ ನೋಡಿಕೊಳ್ಳುವ ಕ್ಲೀವ್‌ಲ್ಯಾಂಡ್ ಫೌಂಡೇಶನ್ ಕಟ್ಟಿದ್ದು ಇಂಥ ತೊಡಕನ್ನು ಬಿಡಿಸಲೆಂದೇ: ದಾನಿಯ ಉದ್ದೇಶಕ್ಕೆ ಅರ್ಥ ಉಳಿಯದಿದ್ದರೆ ಊರಿನ ಸಮಿತಿ ಅದನ್ನು ಬದಲಿಸಬಹುದು. ನಿಮ್ಮ ಒಡಂಬಡಿಕೆಯಲ್ಲೂ ಒಂದು ಸಾಲಿರಲಿ: ಇಂತಿಷ್ಟು ತಿಂಗಳು ಹಣ ಬಳಕೆಯಾಗದಿದ್ದರೆ, ದಾನಿಗಳಿಗೆ ಲಿಖಿತವಾಗಿ ತಿಳಿಸಿ ಈ ಎರಡನೇ ಉದ್ದೇಶಕ್ಕೆ ಬಳಸುವುದು.

ಹಂಚಿಕೆ ತೀರ್ಮಾನಿಸುವ ಸಮಿತಿಯಲ್ಲಿ ಐದು ಅಥವಾ ಏಳು ಜನರಿರಲಿ. ಅವರಲ್ಲಿ ಇಬ್ಬರಾದರೂ ಹಣ ತಲುಪಬೇಕಾದ ಸಮುದಾಯದವರು. ಒಬ್ಬರೇ ಇದ್ದರೆ ಅವರು ಸಭೆಯಲ್ಲಿ ಸುಮ್ಮನಾಗಿಬಿಡುತ್ತಾರೆ. ತಮಗೆ ಸಂಬಂಧಪಟ್ಟ ಅರ್ಜಿ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗಬೇಕು, ನಡಾವಳಿಯಲ್ಲಿ ಅದು ದಾಖಲಾಗಬೇಕು. ಸಮಿತಿ ವರ್ಷಾನುಗಟ್ಟಲೆ ಬದಲಾಗದಿದ್ದರೆ ಹಣ ಪರಿಚಿತರ ವಲಯದಲ್ಲೇ ಸುತ್ತುತ್ತದೆ. ಯಾರೂ ಕದಿಯದೆಯೂ ಹೀಗಾಗುತ್ತದೆ, ಅದಕ್ಕೇ ಬೇಗ ಕಣ್ಣಿಗೆ ಬೀಳುವುದಿಲ್ಲ. ಹಿಂದೆಂದೂ ಪಡೆಯದ ಗುಂಪುಗಳಿಗೆಂದು ಒಂದು ಪಾಲು ತೆಗೆದಿಡಿ. ಅರ್ಜಿ ಎರಡು ಪುಟ ಮೀರದಿರಲಿ, ಬರೆಯಲು ಬಾರದವರು ಬಾಯಿಮಾತಲ್ಲಿ ಹೇಳಿದರೂ ಬರೆದುಕೊಳ್ಳಿ.

ಕಂತುಗಳಲ್ಲಿ ಎಡವುವವರು ಬಹಳ. ಭದ್ರತೆಗೆಂದು ಅರ್ಧ ಹಣವನ್ನು ಕೊನೆಯ ವರದಿ ಬರುವವರೆಗೆ ತಡೆದರೆ, ಸಣ್ಣ ಗುಂಪು ಸಾಲ ಮಾಡಿ ಕೆಲಸ ಮುಗಿಸಬೇಕಾಗುತ್ತದೆ. ಬಡ್ಡಿಯನ್ನು ಅವರೇ ಹೊರುತ್ತಾರೆ, ಯಾವ ವರದಿಯಲ್ಲೂ ಅದು ಕಾಣುವುದಿಲ್ಲ. ಒಪ್ಪಿದ ದಿನವೇ 100ರಲ್ಲಿ 50, ಅದರ ಬಹುಪಾಲು ಖರ್ಚಿನ ಬಿಲ್ಲು ಬಂದೊಡನೆ 40, ಕೊನೆಗೆ 10 ಎಂಬ ಕ್ರಮ ಬಹುತೇಕ ಕೆಲಸಗಳಿಗೆ ಹೊಂದುತ್ತದೆ. ಸಾಮಾನು ಖರೀದಿಯೇ ಮುಖ್ಯವಾಗಿದ್ದರೆ ಮೊದಲ ಕಂತು ಇನ್ನೂ ದೊಡ್ಡದಿರಬೇಕು, ಏಕೆಂದರೆ ಅರ್ಧ ಯಂತ್ರ ಕೊಳ್ಳಲಾಗದು. ವರದಿಯ ಭಾರ ಮೊತ್ತಕ್ಕೆ ತಕ್ಕಷ್ಟಿರಲಿ: ಚಿಕ್ಕ ಮೊತ್ತಕ್ಕೆ ಬಿಲ್ಲುಗಳು, ನಾಲ್ಕು ಫೋಟೋ, ಒಂದು ಪುಟದ ಬರಹ. ನೆರವು ಪಡೆದವರ ಮುಖವಿರುವ ಫೋಟೋ ಅವರ ಒಪ್ಪಿಗೆಯಿಲ್ಲದೆ ಕೇಳಬೇಡಿ.

ಸಂಸ್ಥೆಯೇ ಊರಿನ ಗುಂಪುಗಳ ದಾನಿಗಳ ಬಳಿ ತನ್ನ ಹೆಸರಿನಲ್ಲಿ ಕೈಚಾಚುತ್ತಿದ್ದರೆ ಅಲ್ಲೇ ತಡೆಯಿರಿ. ಒಂದೇ ದಾನಿಯನ್ನು ಇಬ್ಬರು ಕೇಳಿದರೆ ಸೋಲುವುದು ಸಣ್ಣವರು. ಯಾರು ಯಾರನ್ನು ಕೇಳಬೇಕೆಂದು ಮೊದಲೇ ಕೂತು ಮಾತಾಡಿಕೊಳ್ಳಲಿ.

ವರ್ಷದ ಕೊನೆಗೆ ನಿಮ್ಮ ನಿಧಿಯದೇ ಪ್ರತ್ಯೇಕ ಲೆಡ್ಜರ್ ಕೇಳಿ. ಆರಂಭದ ಶಿಲ್ಕಿಗೆ ಬಂದ ಹಣ, ಬಡ್ಡಿ ಕೂಡಿಸಿ, ಶುಲ್ಕ, ಬಿಡುಗಡೆ ಕಳೆದರೆ ಅಖೈರು ಶಿಲ್ಕು (ವರ್ಷದ ಕೊನೆಗೆ ಉಳಿದ ಹಣ) ಸಿಗಬೇಕು. ಸಂಸ್ಥೆಯ ಎಲ್ಲ ನಿಧಿಗಳ ಅಖೈರು ಶಿಲ್ಕನ್ನು ಕೂಡಿದ ಮೊತ್ತದಷ್ಟಾದರೂ ಹಣ ಬ್ಯಾಂಕ್, ಠೇವಣಿಗಳಲ್ಲಿ ಇರಬೇಕು. ಕಡಿಮೆಯಿದ್ದರೆ ಒಂದು ನಿಧಿಯ ಹಣದಲ್ಲಿ ಇನ್ನೊಂದರ ಖರ್ಚು ನಡೆದಿದೆ ಎಂದೇ ಹಿಡಿದು, ವಿವರಣೆ ಲಿಖಿತವಾಗಿ ಬರುವವರೆಗೆ ಹೊಸ ಹಣ ಹಾಕಬೇಡಿ.