ಥ್ಯಾಂಕ್ಸ್‌ಗಿವಿಂಗ್ ಮರುದಿನ ಮಕ್ಕಳೊಂದಿಗೆ ಹೊಲಕ್ಕೆ: ಒಹಾಯೊದಲ್ಲಿ ಕಲ್ಲಿನ ಮೊನೆ ಹುಡುಕುವ ಬಗೆ

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಅಮೆರಿಕದಲ್ಲಿ ನೆಲೆಸಿರುವ ನಮ್ಮಂತಹ ಕನ್ನಡ ಕುಟುಂಬಗಳಲ್ಲಿ ಮನೆಮಂದಿಯೆಲ್ಲ ಸೇರುವುದು ಯುಗಾದಿ, ದೀಪಾವಳಿಗಳಿಗಿಂತ ಹೆಚ್ಚಾಗಿ ಈ ಹಬ್ಬಕ್ಕೇ, ಏಕೆಂದರೆ ದೂರದ ಊರುಗಳಲ್ಲಿ ದುಡಿಯುವ ಮಕ್ಕಳಿಗೆ ನಾಲ್ಕು ದಿನ ಸತತವಾಗಿ ರಜೆ ಸಿಗುವುದು ಆಗ ಮಾತ್ರ. ಮಕ್ಕಳು ಬರುತ್ತಾರೆ, ಹೋಳಿಗೆಯನ್ನೂ ಮಾಡುತ್ತೇವೆ. ಆದರೆ ಊಟದ ಮೇಜಿನ ಸುತ್ತ ಕುಳಿತ ಕೂಡಲೇ ನಮ್ಮ ಬಾಯಿಂದ ಹೊರಡುವ ಮೊದಲ ಪ್ರಶ್ನೆಗಳು ಬಡ್ತಿ, ಸಂಬಳ, ಮನೆಯ ಸಾಲ ಮತ್ತು ಇನ್ನಾರದೋ ಮಗನ ಹೊಸ ಹುದ್ದೆಗೆ ಸಂಬಂಧಿಸಿದವು. ಮಕ್ಕಳು ಚುಟುಕಾಗಿ ಉತ್ತರಿಸಿ ತಟ್ಟೆ ಎತ್ತಿಕೊಂಡು ಏಳುತ್ತಾರೆ. ನನ್ನ ಮನೆಯಲ್ಲಿಯೂ ಹಲವು ವರ್ಷ ಹೀಗೆಯೇ ನಡೆಯಿತು. ಬಳಿಕ ಒಂದು ಶುಕ್ರವಾರ, ಪರಿಚಿತ ರೈತರೊಬ್ಬರ ಹೊಲದಲ್ಲಿ ಕಲ್ಲಿನ ಮೊನೆಗಳನ್ನು, ಅಂದರೆ ಇಲ್ಲಿನ ಮೂಲನಿವಾಸಿಗಳು ಹಿಂದೆ ಈಟಿ, ಬಾಣಗಳ ತುದಿಗೆ ಕಟ್ಟುತ್ತಿದ್ದ ಚೂಪಾದ ಕಲ್ಲುಗಳನ್ನು ಹುಡುಕಲು ನಾವೆಲ್ಲರೂ ಹೋದೆವು. ನನ್ನ ಪಕ್ಕದ ಸಾಲಿನಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದ ಮಗ, ನೆಲದಿಂದ ಕಣ್ಣು ಕೀಳದೆಯೇ, "ಅಪ್ಪ, ಆ ಕೆಲಸ ಬಿಟ್ಟು ಮೂರು ತಿಂಗಳಾಯಿತು" ಎಂದ. ಹಿಂದಿನ ರಾತ್ರಿ ಮೇಜಿನ ಬಳಿ ಆ ಮಾತು ಅವನಿಗೆ ಬಂದಿರಲಿಲ್ಲ. ಅಂದಿನಿಂದ ನಾವು ಪ್ರತಿವರ್ಷ ಹೋಗುತ್ತಿದ್ದೇವೆ, ಮತ್ತು ಹೋಗಬಯಸುವ ಇತರ ಕುಟುಂಬಗಳಿಗಾಗಿ ನಮಗೆ ತಿಳಿದಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಅನುಮತಿ. ಖಾಸಗಿ ಜಮೀನಿನಲ್ಲಿ, ಒಡೆಯರ ಒಪ್ಪಿಗೆಯೊಂದಿಗೆ, ನೆಲದ ಮೇಲೆ ಬಿದ್ದಿರುವುದನ್ನು ಮಾತ್ರ ಎತ್ತಿಕೊಳ್ಳಬೇಕು. ಒಪ್ಪಿಗೆಯನ್ನು ಕಾಗದದ ಮೇಲೆ ಪಡೆಯಿರಿ; ಯಾವ ದಿನ, ಎಷ್ಟು ಜನ, ಸಿಕ್ಕಿದ ವಸ್ತು ಯಾರ ಬಳಿ ಇರಬೇಕು ಎಂಬ ಮೂರು ವಿಷಯಗಳು ಅದರಲ್ಲಿರಲಿ. ಒಹಾಯೊದಲ್ಲಿ ಒಳನಾಡಿನ ಹಳ್ಳಗಳ ತಳವೂ ಸಾಮಾನ್ಯವಾಗಿ ಪಕ್ಕದ ಜಮೀನಿನ ಒಡೆಯರದ್ದೇ ಆಗಿರುತ್ತದೆ, ಆದ್ದರಿಂದ ನೀರಿನಲ್ಲಿ ನಡೆಯುವುದಕ್ಕೂ ಕೇಳಬೇಕಾಗುತ್ತದೆ. ರಾಷ್ಟ್ರೀಯ ಉದ್ಯಾನ, ರಾಷ್ಟ್ರೀಯ ಅರಣ್ಯ, ಮೂಲನಿವಾಸಿ ಬುಡಕಟ್ಟುಗಳ ಜಮೀನು, ರಾಜ್ಯದ ಸಂರಕ್ಷಿತ ಸ್ಥಳ, ಇವುಗಳಲ್ಲಿ ಯಾವುದರಿಂದಲೂ ಕಲ್ಲಿನ ಉಪಕರಣವನ್ನು ಒಯ್ಯಬಾರದು. ನೆಲದ ಮೇಲೆ ಬಿದ್ದ ಬಾಣದ ಮೊನೆಗೆ ವಿನಾಯಿತಿ ಇದೆ ಎಂದು ಕೆಲವರು ವಾದಿಸುತ್ತಾರೆ. 1979ರ ಪುರಾತತ್ವ ಸಂಪನ್ಮೂಲ ಸಂರಕ್ಷಣಾ ಕಾಯಿದೆಯ ದಂಡದ ಭಾಗದಲ್ಲಿ ಅಂತಹ ಒಂದು ವಾಕ್ಯ ಇರುವುದು ನಿಜ. ಆದರೆ ಉದ್ಯಾನಗಳ ನಿಯಮಗಳೂ ಸರ್ಕಾರಿ ಆಸ್ತಿಯನ್ನು ಕಾಯುವ ಇತರ ಕಾನೂನುಗಳೂ ಅದೇ ಕೃತ್ಯವನ್ನು ತಡೆಯುತ್ತವೆ. ಆ ವಾದವನ್ನು ನಂಬಿ ಮಕ್ಕಳನ್ನು ಕರೆದೊಯ್ಯಬೇಡಿ. ಅವರ ವೃತ್ತಿಜೀವನದ ಮೇಲೆ ಇಂತಹದೊಂದು ಮೊಕದ್ದಮೆ ಕಪ್ಪುಚುಕ್ಕೆಯಾಗಿ ಉಳಿಯುವುದು ಯಾವ ಕಲ್ಲಿಗೂ ತಕ್ಕ ಬೆಲೆಯಲ್ಲ.

ಅಗೆಯುವುದನ್ನಂತೂ ಸಂಪೂರ್ಣವಾಗಿ ಬಿಡಬೇಕು. ಉಳುಮೆಯಾದ ಮಣ್ಣಿನಲ್ಲಿ ವಸ್ತುಗಳು ಈಗಾಗಲೇ ತಮ್ಮ ಮೂಲಸ್ಥಾನದಿಂದ ಕದಲಿರುತ್ತವೆ, ಆದರೆ ನೇಗಿಲು ಮುಟ್ಟದ ಆಳದಲ್ಲಿ ಒಲೆಯ ಬೂದಿ, ಗುಂಡಿ, ಕಂಬದ ಗುರುತು ಎಲ್ಲವೂ ಇದ್ದಲ್ಲಿಯೇ ಇರಬಹುದು, ಮತ್ತು ಒಂದು ಸಲಿಕೆಯ ಏಟಿಗೆ ಅವುಗಳ ಪರಸ್ಪರ ಸಂಬಂಧ ಅಳಿಸಿಹೋಗುತ್ತದೆ. ಮನುಷ್ಯರ ಮೂಳೆಯಂತೆ ಏನಾದರೂ ಕಂಡರೆ ಮುಟ್ಟದೆ ಹಿಂದೆ ಸರಿದು, ಜಮೀನಿನ ಒಡೆಯರಿಗೂ ಕೌಂಟಿಯ ಶೆರಿಫ್ ಕಚೇರಿಗೂ ತಿಳಿಸಿ.

ಇನ್ನು ಕಾಲ ಮತ್ತು ಜಾಗದ ವಿಚಾರ. ವಸಂತದಲ್ಲಿ ಉಳುಮೆಯಾಗಿ ಒಂದೆರಡು ಜೋರು ಮಳೆ ಬಿದ್ದ ಹೊಲವೇ ಅತ್ಯುತ್ತಮ, ಏಕೆಂದರೆ ಮಳೆ ಮಣ್ಣನ್ನು ತೊಳೆದು ಕಲ್ಲನ್ನು ಮೇಲೆ ಬಿಟ್ಟಿರುತ್ತದೆ. ನವೆಂಬರಿನಲ್ಲಿ ಮುಸುಕಿನ ಜೋಳದ ಕೂಳೆ ದಟ್ಟವಾಗಿದ್ದು ನೆಲ ಕಾಣುವುದಿಲ್ಲ. ಉಳುಮೆಯಿಲ್ಲದ ಬೇಸಾಯ ಹೆಚ್ಚಿರುವುದರಿಂದ ತೆರೆದ ಮಣ್ಣು ಸಿಗುವುದೂ ಕಡಿಮೆ. ಆದ್ದರಿಂದ ಕೊಯ್ಲಾದ ಸೋಯಾ ಹೊಲ, ಶರತ್ಕಾಲದಲ್ಲಿಯೇ ಉತ್ತು ಬಿಟ್ಟಿರುವ ಹೊಲ ಅಥವಾ ಹಳ್ಳದ ಮರಳು ಮತ್ತು ಸಣ್ಣ ಕಲ್ಲುಗಳ ದಿಣ್ಣೆ, ಈ ಮೂರರಲ್ಲಿ ಯಾವುದಾದರೂ ಇದೆಯೇ ಎಂದು ಒಡೆಯರನ್ನು ಮುಂಚೆಯೇ ವಿಚಾರಿಸಿ. ಎರಡು ಹಳ್ಳಗಳು ಕೂಡುವ ಕಡೆ, ಊಟೆಯ ಹತ್ತಿರ, ಪ್ರವಾಹ ಮುಟ್ಟದಷ್ಟು ಎತ್ತರದ ದಿಬ್ಬದ ಮೇಲೆ ಹುಡುಕಬೇಕು. ನಮ್ಮ ಹಿರಿಯರು ಊರು ಕಟ್ಟುವಾಗ ನೀರು, ಬಿಸಿಲು, ನೆರೆ ಇವುಗಳನ್ನು ನೋಡಿದಂತೆಯೇ ಇಲ್ಲಿನ ಮೂಲನಿವಾಸಿಗಳೂ ನೋಡಿದ್ದರು. ಈ ತಿಂಗಳು ಜಿಂಕೆ ಬೇಟೆಯ ಕಾಲವೂ ಹೌದಾದ್ದರಿಂದ ಎಲ್ಲರೂ ಢಾಳಾದ ಕಿತ್ತಳೆ ಬಣ್ಣದ ಅಂಗಿ ಧರಿಸಿ, ಹೊಲದಲ್ಲಿ ಬೇಟೆಗಾರರು ಇರುವರೇ ಎಂದು ಒಡೆಯರನ್ನು ಕೇಳಿಕೊಂಡೇ ಇಳಿಯಬೇಕು.

ಮೊನೆ ಸಿಗುವುದಕ್ಕೆ ಮೊದಲು ಚಕ್ಕೆಗಳು ಸಿಗುತ್ತವೆ, ಮತ್ತು ಚಕ್ಕೆಯನ್ನು ಗುರುತಿಸಲು ಕಲಿತವರಿಗೆ ಮಾತ್ರ ಮೊನೆ ಕಾಣುತ್ತದೆ ಎಂಬುದು ನನ್ನ ಅನುಭವ. ಚಕಮಕಿ ಕಲ್ಲಿಗೆ ಗಟ್ಟಿಯಾದ ಗುಂಡುಕಲ್ಲಿನಿಂದಲೋ ಜಿಂಕೆಯ ಕೊಂಬಿನಿಂದಲೋ ಹೊಡೆದಾಗ ಎದ್ದುಬರುವ ಚಕ್ಕೆಯಲ್ಲಿ ಏಟು ಬಿದ್ದ ಕಡೆ ಸಣ್ಣ ಉಬ್ಬು ಇರುತ್ತದೆ. ಅಲ್ಲಿಂದ ಮುಂದಕ್ಕೆ, ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳಂತೆ, ಬಾಗಿದ ಗೆರೆಗಳು ಹರಡಿರುತ್ತವೆ. ಹಿಮಕ್ಕೆ ಒಡೆದ ಕಲ್ಲಿನಲ್ಲಿ ಆ ಉಬ್ಬು ಇರುವುದಿಲ್ಲ. ಬಣ್ಣವೂ ಸುಳಿವು ಕೊಡುತ್ತದೆ: ಲಿಕಿಂಗ್ ಕೌಂಟಿಯ ಫ್ಲಿಂಟ್ ರಿಡ್ಜ್‌ನ ಕಲ್ಲಿನಲ್ಲಿ ಕೆಂಪು, ಹಳದಿ, ನೀಲಿ, ಬಿಳಿ ಬಣ್ಣಗಳು ಬೆರೆತಿರುತ್ತವೆ, ಕೊಷಾಕ್ಟನ್ ಕಡೆಯ ಅಪ್ಪರ್ ಮರ್ಸರ್ ಕಲ್ಲು ಹೆಚ್ಚಾಗಿ ಕಪ್ಪು. ಫ್ಲಿಂಟ್ ರಿಡ್ಜ್ ಇಂದು ಸಂರಕ್ಷಿತ ಸ್ಥಳವಾಗಿದ್ದು ಅಲ್ಲಿ ಒಂದು ಚೂರನ್ನೂ ಎತ್ತುವಂತಿಲ್ಲ, ಆದರೆ ಹಿಂದಿನವರು ಕಲ್ಲು ತೆಗೆದ ನೂರಾರು ಗುಂಡಿಗಳು ಈಗಲೂ ಕಾಣುವುದರಿಂದ, ಹೊಲಕ್ಕೆ ಹೋಗುವ ಮುನ್ನ ಒಮ್ಮೆ ಅಲ್ಲಿಗೆ ಹೋಗಿ ಬಂದರೆ ಕಣ್ಣು ಪಳಗುತ್ತದೆ. ಹತ್ತಿರದ ನ್ಯೂಆರ್ಕ್‌ನ ಮಣ್ಣಿನ ಬೃಹತ್ ರಚನೆಗಳನ್ನೂ ತೋರಿಸಿ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಮೂಲನಿವಾಸಿಗಳ ಹೋಪ್‌ವೆಲ್ ಸಂಸ್ಕೃತಿಯ ಆ ರಚನೆಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ನಾವು ರೂಢಿಯಲ್ಲಿ ಬಾಣದ ಮೊನೆ ಎಂದು ಕರೆಯುವ ಬಹುಪಾಲು ಕಲ್ಲುಗಳು ಬಾಣಕ್ಕೆ ಸೇರಿದವಲ್ಲ ಎಂಬುದನ್ನು ಮಕ್ಕಳಿಗೆ ಹೇಳಿದಾಗ ಅವರು ನಿಜಕ್ಕೂ ಕುತೂಹಲಗೊಂಡರು. ಒಹಾಯೊ ಭಾಗದಲ್ಲಿ ಬಿಲ್ಲು ಬಾಣ ವ್ಯಾಪಕವಾದದ್ದು ಸುಮಾರು 1,300 ವರ್ಷಗಳ ಹಿಂದೆ. ಅದಕ್ಕೂ ಮುಂಚಿನ ಸಾವಿರಾರು ವರ್ಷಗಳ ಮೊನೆಗಳು ಕೈಯ ಈಟಿಗೆ, ಅಟ್ಲಾಟ್ಲ್ ಎಂಬ ಎಸೆಗೋಲಿನಿಂದ ಎಸೆಯುವ ಸಣ್ಣ ಈಟಿಗೆ, ಇಲ್ಲವೇ ಚಾಕುವಿನ ಹಿಡಿಗೆ ಸೇರಿದವು. ನಿಜವಾದ ಬಾಣದ ಮೊನೆ ಚಿಕ್ಕದು, ತೆಳುವಾದ ತ್ರಿಕೋನ. ಎರಡೂ ಮುಖಗಳಲ್ಲಿ ಬುಡದಿಂದ ಮೇಲಕ್ಕೆ ತೋಡಿದ ಕಾಲುವೆಯಂತಹ ಗುರುತಿರುವ ಕ್ಲೋವಿಸ್ ಮೊನೆ ಸಿಕ್ಕಿತೆಂದರೆ ಅದು ಸುಮಾರು 13,000 ವರ್ಷಗಳಷ್ಟು ಹಳೆಯದು. ಅಂತಹದನ್ನು ಕಂಡರೆ ಎತ್ತದೆ, ಜಾಗವನ್ನು ಗುರುತಿಸಿ, ಒಡೆಯರ ಒಪ್ಪಿಗೆ ಪಡೆದು ಪುರಾತತ್ವಜ್ಞರನ್ನು ಕರೆಯುವುದೇ ಸರಿ.

ಹೊಲದಲ್ಲಿ ನಡೆಯುವ ಕ್ರಮಕ್ಕೆ ಬರೋಣ. ಬೆಳಗ್ಗೆ ಅಥವಾ ಮಧ್ಯಾಹ್ನ ಮೂರರ ನಂತರ, ಬಿಸಿಲು ಓರೆಯಾಗಿ ಬೀಳುವಾಗ, ಸೂರ್ಯ ಎದುರಿಗಿರುವಂತೆ ಸಾಲು ಹಿಡಿದರೆ ಚಕಮಕಿ ಮಿನುಗುತ್ತದೆ. ಇಬ್ಬರ ನಡುವೆ ಐದಾರು ಅಡಿ ಅಂತರವಿರಲಿ. ಮಾತು ಕೇಳಿಸಬೇಕು, ಆದರೆ ಮುಖ ನೋಡುವ ಅಗತ್ಯವಿರಬಾರದು. ಪ್ರತಿ ಹೆಜ್ಜೆಗೂ ನಿಂತು, ಎಡದಿಂದ ಬಲಕ್ಕೆ ಕಣ್ಣು ಹಾಯಿಸಿ, ಮುಂದಿನ ಹೆಜ್ಜೆ ಇಡಬೇಕು. ಒಬ್ಬರು ಮುಗಿಸಿದ ಸಾಲನ್ನು ಇನ್ನೊಬ್ಬರು ಎದುರು ದಿಕ್ಕಿನಿಂದ ನೋಡಿದರೆ ತಪ್ಪಿದ್ದು ಸಿಗುವುದುಂಟು. ಬೆಳೆದ ಮಕ್ಕಳ ಉದ್ಯೋಗದ ಮಾತು ಬರುವುದಾದರೆ ಈ ನಡಿಗೆಯಲ್ಲಿಯೇ ಬರುತ್ತದೆ, ಮತ್ತು ಅದು ಬರುವಂತೆ ಮಾಡಲು ತಂದೆ ತಾಯಿಯರು ಕೆಲವು ಸಂಯಮಗಳನ್ನು ಪಾಲಿಸಬೇಕು. ಗುರುವಾರ ಉದ್ಯೋಗದ ಬಗ್ಗೆ ಏನನ್ನೂ ಕೇಳಬೇಡಿ. ಶುಕ್ರವಾರವೂ ಹುದ್ದೆಯ ಹೆಸರನ್ನಾಗಲಿ ಸಂಬಳವನ್ನಾಗಲಿ ಕೇಳದೆ ಕೆಲಸದ ಒಳಗಿನದನ್ನು ಕೇಳಿ: ದಿನದ ಯಾವ ಹೊತ್ತು ಕಷ್ಟವೆನಿಸುತ್ತದೆ, ಯಾವ ಭಾಗವನ್ನು ಯಾರೂ ಹೇಳದಿದ್ದರೂ ಮಾಡುತ್ತೀಯ, ಯಾರಿಂದ ಕಲಿತೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನ್ನ ಮಗಳು ರಾತ್ರಿ ಪಾಳಿಯ ಕೊನೆಯ ಎರಡು ಗಂಟೆಗಳ ಬಗ್ಗೆ ಇಡೀ ಒಂದು ಸಾಲಿನುದ್ದಕ್ಕೂ ಹೇಳಿದ್ದು ಇಂತಹ ಒಂದೇ ಪ್ರಶ್ನೆಗೆ ಉತ್ತರವಾಗಿ. ಅವರು ಏನಾದರೂ ದೊಡ್ಡದನ್ನು ಹೇಳಿದಾಗ ಥಟ್ಟನೆ ನಿಂತು ಅವರತ್ತ ತಿರುಗಬೇಡಿ; ಅದೇ ವೇಗದಲ್ಲಿ ನಡೆಯುತ್ತಲೇ "ಹೂಂ" ಎನ್ನಿ. ಮಗ ಕೆಲಸ ಬಿಟ್ಟ ಸಂಗತಿ ಹೇಳಿದಾಗ ನಾನು ನಿಂತುಬಿಟ್ಟೆ, ಮುಂದೇನು ಎಂದು ಕೇಳಿದೆ, ಅವನು ಅರ್ಧ ಗಂಟೆ ಮತ್ತೆ ಮಾತನಾಡಲಿಲ್ಲ. ಸಂಜೆ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ಮಾತು ಹೋಗಕೂಡದು. ಹೊಸ ಅಳಿಯನೋ ಸೊಸೆಯೋ ಜೊತೆಗಿದ್ದರೆ ಅತ್ಯಂತ ಭರವಸೆಯ ಸಾಲನ್ನು ಅವರಿಗೇ ಬಿಟ್ಟುಕೊಡಿ. ಬುತ್ತಿಗೆ ಪುಳಿಯೋಗರೆ, ಮೊಸರನ್ನ, ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಇದ್ದರೆ ಸಾಕು.

ಊಟದ ಬಿಡುವಿನಲ್ಲಿ ನಾನು ಜಾರ್ಜ್ ಮೆಕ್‌ಜಂಕಿನ್ ಅವರ ಕಥೆಯನ್ನು ಹೇಳುತ್ತೇನೆ. ಗುಲಾಮಗಿರಿಯಲ್ಲಿ ಹುಟ್ಟಿದ ಈ ಆಫ್ರಿಕನ್ ಅಮೆರಿಕನ್ ನ್ಯೂ ಮೆಕ್ಸಿಕೊದ ಒಂದು ರ‍್ಯಾಂಚಿನಲ್ಲಿ ದನಗಾಹಿಗಳ ಮೇಸ್ತ್ರಿಯಾಗಿದ್ದರು. 1908ರ ಪ್ರವಾಹದ ನಂತರ ಬೇಲಿ ನೋಡಲು ಹೋದಾಗ, ಫೋಲ್ಸಮ್ ಊರಿನ ಬಳಿ ಕೊರೆದ ಹಳ್ಳದ ದಂಡೆಯ ಆಳದಲ್ಲಿ ಅಸಾಮಾನ್ಯ ಗಾತ್ರದ ಕಾಡೆಮ್ಮೆ (ಬೈಸನ್) ಮೂಳೆಗಳನ್ನು ಕಂಡು, ಅವುಗಳ ಮಹತ್ವವನ್ನು ಇತರರಿಗೆ ತಿಳಿಸಲು ವರ್ಷಗಳ ಕಾಲ ಯತ್ನಿಸಿದರು. 1922ರಲ್ಲಿ ಅವರು ತೀರಿಕೊಂಡರು. 1927ರಲ್ಲಿ ಅದೇ ಜಾಗದಲ್ಲಿ, ಅಳಿದುಹೋದ ಜಾತಿಯ ಕಾಡೆಮ್ಮೆಯ ಪಕ್ಕೆಲುಬುಗಳ ನಡುವೆ ಕಲ್ಲಿನ ಮೊನೆಯೊಂದು ಕಂಡಾಗ, ಅಗೆಯುವವರು ಅದನ್ನು ಕೀಳದೆ ಇದ್ದಲ್ಲಿಯೇ ಬಿಟ್ಟು ವಿದ್ವಾಂಸರಿಗೆ ತಂತಿ ಕಳುಹಿಸಿದರು. ಬಂದವರು ಕಣ್ಣಾರೆ ನೋಡಿದ ಮೇಲೆಯೇ ಹಿಮಯುಗದ ಕೊನೆಯಲ್ಲಿ ಅಮೆರಿಕದಲ್ಲಿ ಮನುಷ್ಯರಿದ್ದರು ಎಂಬ ಮಾತಿಗೆ ಒಪ್ಪಿಗೆ ಸಿಕ್ಕಿತು. ಆ ಮೊನೆಯನ್ನು ಯಾರಾದರೂ ಜೇಬಿಗೆ ಹಾಕಿಕೊಂಡಿದ್ದರೆ ಆ ಸಾಕ್ಷ್ಯ ಅಲ್ಲಿಗೇ ಮುಗಿಯುತ್ತಿತ್ತು.

ಆದ್ದರಿಂದ ನಿಮಗೆ ಮೊನೆ ಕಂಡೊಡನೆ ಎತ್ತಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ, ಫೋನಿನಲ್ಲಿ ಅಕ್ಷಾಂಶ ರೇಖಾಂಶ ನೋಡಿ ಬರೆದುಕೊಳ್ಳಿ, ಬಳಿಕ ಪ್ರತಿಯೊಂದನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ. ಮನೆಯಲ್ಲಿ ಬರಿ ನೀರು ಮತ್ತು ಮೃದುವಾದ ಬ್ರಷ್ಷಿನಿಂದ ತೊಳೆದರೆ ಸಾಕು. ಆಮ್ಲ, ತಂತಿಯ ಬ್ರಷ್, ಎಣ್ಣೆ ಇವು ಕಲ್ಲಿನ ಮೇಲಿನ ಹಳೆಯ ಗುರುತುಗಳನ್ನು ಕೆಡಿಸುತ್ತವೆ. ಸಂಖ್ಯೆ ಬರೆದ ಚೀಟಿ ಮತ್ತು ಅದೇ ಸಂಖ್ಯೆಯ ದಾಖಲೆ ಪುಸ್ತಕ ಕಡ್ಡಾಯ. ಮಾರುವುದು, ಕೊಳ್ಳುವುದು ಬೇಡ: ಮಾರುಕಟ್ಟೆಯಲ್ಲಿ ನಕಲಿಗಳು ತುಂಬಿವೆ, ಅದಕ್ಕಿಂತ ಮುಖ್ಯವಾಗಿ ಆ ಹಣದ ಆಸೆಯೇ ಜನರನ್ನು ಅಗೆಯಲು ಹಚ್ಚುತ್ತದೆ. ಒಹಾಯೊ ಪುರಾತತ್ವ ದಾಖಲೆಪಟ್ಟಿಗೆ ನಿಮ್ಮ ಹೊಲದ ವಿವರವನ್ನು ಒಡೆಯರ ಸಮ್ಮತಿಯಿಂದ ಸಲ್ಲಿಸಬಹುದು, ಸಲ್ಲಿಸಲೇಬೇಕೆಂಬುದು ನನ್ನ ಒತ್ತಾಯ.

ಥ್ಯಾಂಕ್ಸ್‌ಗಿವಿಂಗ್ ಮರುದಿನದ ಶುಕ್ರವಾರವು 2009ರ ಕಾಯಿದೆಯ ಪ್ರಕಾರ ಮೂಲನಿವಾಸಿ ಅಮೆರಿಕನ್ನರ ಪರಂಪರೆಯ ದಿನವೂ ಹೌದು. ನಾವು ನಡೆಯುವ ಹೊಲದಿಂದ ಶಾನಿ, ಮಯಾಮಿ, ಡೆಲವೇರ್, ವಾಯಂಡಾಟ್ ಜನರನ್ನು ಪಶ್ಚಿಮಕ್ಕೆ ಅಟ್ಟಲಾಯಿತು. ಕೊನೆಯವರಾಗಿ ವಾಯಂಡಾಟರು ಹೊರಟದ್ದು 1843ರಲ್ಲಿ. ಅವರ ವಂಶಸ್ಥರು ಇಂದಿಗೂ ಇದ್ದಾರೆ, ಮತ್ತು ಇಂತಹ ಕಲ್ಲುಗಳನ್ನು ಎತ್ತದೆ ಬಿಡಬೇಕೆಂದು ಅವರಲ್ಲಿ ಹಲವರು ಬಯಸುತ್ತಾರೆ. ನನ್ನ ಮಗಳು ಈಗ ಚಿತ್ರ ತೆಗೆದು ಕಲ್ಲನ್ನು ಅಲ್ಲಿಯೇ ಬಿಡುತ್ತಾಳೆ. ಅವಳ ಆ ರೀತಿಯೇ ನನಗಿಂತ ಮೇಲೆಂದು ನನಗೆ ಅನ್ನಿಸತೊಡಗಿದೆ.

ಮಕ್ಕಳು ಇದೇ ಹುರುಪಿನಲ್ಲಿ ಕರ್ನಾಟಕಕ್ಕೆ ಬಂದಾಗ ಒಂದು ಎಚ್ಚರಿಕೆ ಅಗತ್ಯ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಹತ್ತು ಲಕ್ಷ ವರ್ಷಕ್ಕೂ ಹಳೆಯದೆಂದು ಅಂದಾಜಿಸಲಾದ ಕೈಗೊಡಲಿಗಳೂ ಬಳ್ಳಾರಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ನೆಲೆಯೂ ಇವೆ. ಅವನ್ನು ನೋಡಿ ಬರಬಹುದು, ಎತ್ತಿ ತರುವಂತಿಲ್ಲ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಪ್ರಾಚ್ಯವಸ್ತುಗಳನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಸಾಗಿಸುವುದು ಅಪರಾಧ.

ಭಾನುವಾರ ಮಕ್ಕಳು ವಿಮಾನ ನಿಲ್ದಾಣಕ್ಕೆ ಹೊರಡುವ ಮುನ್ನ ಎರಡು ಕೆಲಸಗಳನ್ನು ಮುಗಿಸಿಕೊಳ್ಳಿ. ದಾಖಲೆ ಪುಸ್ತಕದ ಆ ವರ್ಷದ ಪುಟವನ್ನು, ಏನೂ ಸಿಗದಿದ್ದರೂ, ಅವರ ಕೈಯಲ್ಲಿಯೇ ಬರೆಯಿಸಿ. ರೈತರಿಗೆ ಕೃತಜ್ಞತೆಯ ಪತ್ರ ಬರೆದು, ಸಿಕ್ಕಿದ ವಸ್ತುಗಳ ಪಟ್ಟಿಯ ಪ್ರತಿಯೊಂದನ್ನು ಲಗತ್ತಿಸಿ, ಮುಂದಿನ ವರ್ಷದ ಶುಕ್ರವಾರಕ್ಕೆ ಅನುಮತಿ ಕೋರಿ ಎಲ್ಲರೂ ಸಹಿ ಹಾಕಿ.